ರಾಮಲಿಂಗ ಗೋಡೆಗೆ ಹಚ್ಚಿದ ಯಾದಿ

ಸನಮಡಿಯ ರಾಮಲಿಂಗನಿಗೆ ಸಿಕ್ಕಿದ್ದು ನೌಕರಿಯೋ ಶಾಲೆಯೋ ಎಂಬ ಪ್ರಶ್ನೆ ಎರಡು ವರ್ಷವಾದರೂ ಊರಿನಲ್ಲಿ ಇತ್ಯರ್ಥವಾಗಲಿಲ್ಲ. ವಾರದಲ್ಲಿ ನಾಲ್ಕು ದಿನ ಅವನು ತಲೆಗೆ ಬಿಳಿ ಹೆಲ್ಮೆಟ್ ಏರಿಸಿಕೊಂಡು ಗಾಳಿಯಂತ್ರ ನಿಲ್ಲಿಸುವ ಕಂಪನಿಯ ಕೆಲಸಕ್ಕೆ ಹೋಗುತ್ತಿದ್ದ. ಆಗ ಅದು ನೌಕರಿ. ಇನ್ನೆರಡು ದಿನ ಪಡಸಾಲೆಯಲ್ಲಿ ಮೊಬೈಲನ್ನು ಜೋಳದ ಚೀಲಕ್ಕೆ ಆನಿಸಿ ನಿಲ್ಲಿಸಿ, ಅದರೊಳಗಿನ ಮಾಸ್ತರರು ಹೇಳಿದ್ದಕ್ಕೆಲ್ಲ ಗೋಣು ಹಾಕುತ್ತ ಬರೆದುಕೊಳ್ಳುತ್ತಿದ್ದ. ಆಗ ಅದು ಶಾಲೆ. ಕಾಗದದ ಮೇಲೆ ಅದರ ಹೆಸರು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟಿನ ಉನ್ನತ ಅಪ್ರೆಂಟಿಸ್‌ಶಿಪ್. ಇಷ್ಟುದ್ದದ ಹೆಸರನ್ನು ಊರಿನವರು ಬಾಯಿಗೆ ಹಾಕಿಕೊಳ್ಳಲು ಹೋಗಲಿಲ್ಲ. ‘ಸಂಗವ್ವನ ಮಗ ಟೊಪ್ಪಿಗಿ ಕಲಿಯಾಕತ್ಯಾನ’ ಎಂದಷ್ಟೇ ಹೇಳುತ್ತಿದ್ದರು.

"ಏನ್ ಕಲಸ್ತಾರೋ ಅಲ್ಲಿ?" ಎಂದು ಒಂದು ದಿನ ಅಪ್ಪಾಸಾಹೇಬರು ಕೇಳಿದರು. ಅವರು ಹಿಂದೊಮ್ಮೆ ಐದು ವರ್ಷ ಪಂಚಾಯತಿ ಮೆಂಬರಾಗಿದ್ದವರು. ಆ ಐದು ವರ್ಷ ಮುಗಿದು ಹದಿನೈದು ವರ್ಷವಾಗಿತ್ತು. ಆದರೆ ಆ ಸಂಗತಿಯನ್ನು ಅವರಿಗೆ ತಿಳಿಸುವ ಧೈರ್ಯ ಯಾರೂ ಮಾಡಿರಲಿಲ್ಲ.

"ಮಂದಿ ಕಡಿಂದ ಕೆಲಸ ಹೆಂಗ ಮಾಡಿಸಬೇಕು, ವ್ಯಾಳ್ಯಾಕ್ಕ ಹೆಂಗ ಮುಗಸಬೇಕು ಅನ್ನೂದು, ಕಾಕಾ."

"ಅದಕ್ಕ ಎರಡು ವರ್ಷ?"

"ನಮ್ಮ ಕುರಿ ನಾಯಿ ಅದನ್ನ ಆರ ತಿಂಗಳಾಗ ಕಲೀತು," ಎಂದಳು ಒಳಗಿನಿಂದ ಸಂಗವ್ವ. ಹಾಗೆ ಹೇಳುತ್ತಿದ್ದ ಅದೇ ಸಂಗವ್ವ ಮಗನ ಹೆಲ್ಮೆಟ್ಟನ್ನು ವಾರಕ್ಕೊಮ್ಮೆ ತೊಳೆದು ದೇವರ ಜಗಲಿಯ ಪಕ್ಕದಲ್ಲಿ ಇಡುತ್ತಿದ್ದಳು. ಬೋರಲು ಇಟ್ಟರೆ ಶ್ರೇಯಸ್ಸಲ್ಲ ಎಂದು ಅಂಗಾತವೇ ಇಡುತ್ತಿದ್ದಳು.

ರಾಮಲಿಂಗನದು ಕಲಿತದ್ದನ್ನು ತಕ್ಷಣ ಪ್ರಯೋಗಿಸಿಬಿಡುವ ಸ್ವಭಾವ. ಯಾವ ಕೆಲಸದಲ್ಲಿ ಏನು ಕೆಡಬಹುದು, ಕೆಟ್ಟರೆ ಉಪಾಯವೇನು ಎಂದು ಮೊದಲೇ ಬರೆದಿಡಬೇಕು ಅಂತ ಮೊಬೈಲ್ ಮಾಸ್ತರರು ಹೇಳಿದ ದಿನವೇ ಅವನು ಒಂದು ನೋಟುಬುಕ್ಕಿಗೆ ರಟ್ಟು ಹಾಕಿ ‘ಜೋಖಮಿನ ವಹಿ’ ಎಂದು ಹೆಸರಿಟ್ಟ. ಮೊದಲನೆಯ ಜೋಖಮು: ‘ಆಡು ಈ ವಹಿ ತಿನ್ನಬಹುದು.’ ಉಪಾಯವನ್ನು ಯೋಚಿಸುತ್ತ ಅವನು ಸೂರು ನೋಡುತ್ತಿದ್ದಾಗಲೇ ಆಡು ಬಂದು ಮೂಲೆಯನ್ನು ತಿಂದು ಹೋಯಿತು. ತನ್ನ ಅಂದಾಜು ಇಷ್ಟು ಬೇಗ ಖರೆಯಾದದ್ದಕ್ಕೆ ರಾಮಲಿಂಗನಿಗೆ ಬಹಳ ಸಂತೋಷವಾಯಿತು.

ಎರಡು ವರ್ಷ ಮುಗಿಯುತ್ತ ಬಂದಾಗ ಅವನನ್ನು ಸೃಷ್ಟಿ ಮೇಡಂ ಕರೆದಳು. ಜತ್ತ ಪೇಟೆಯವಳು, ಕಂಪನಿಯಲ್ಲಿ ಅವನಿಗೆ ಕೆಲಸ ಕಲಿಸುವವಳು. ವಯಸ್ಸಿನಲ್ಲಿ ಅವನಿಗಿಂತ ಎರಡು ವರ್ಷ ಚಿಕ್ಕವಳು, ಮಾತಿನಲ್ಲಿ ಇಪ್ಪತ್ತು ವರ್ಷ ದೊಡ್ಡವಳು.

"ಇದು ಕಡೀ ಪರೀಕ್ಷಾರಿ, ರಾಮಲಿಂಗ. ನಿಮ್ಮ ಊರಿಗೆ ಬೇಕಾಗಿದ್ದು ಒಂದು ಸಣ್ಣ ಕೆಲಸ ಹುಡುಕ್ರಿ. ಊರ ಮಂದೀನ ಕೂಡಿಸಿ ಇಪ್ಪತ್ತೊಂದು ದಿನದಾಗ ಮುಗಸ್ರಿ. ನೀವು ಮಾಡೂದಲ್ಲ, ಮಾಡಸೂದು. ಇಪ್ಪತ್ತೊಂದನೇ ದಿನ ನಾನ ಬಂದು ನೋಡ್ತೀನಿ."

"ಮುಗೀಲಿಲ್ಲಂದ್ರ?"

"ಅಸಂಗಿ ಕಡೆ ಹೊಸಾ ಸೈಟ್ ಶುರು ಆಗ್ತದ. ಅಲ್ಲಿ ಕಾಯಂ ಜಾಗಾ ಇರೂದು ಒಂದ. ಮುಗಿಸಿದವರಿಗೆ ಅದು," ಎಂದು ಮೇಡಂ ಮೃದುವಾಗಿಯೇ ಹೇಳಿದಳು. ಮೃದುವಾಗಿ ಹೇಳಿದ್ದರಿಂದ ರಾಮಲಿಂಗನಿಗೆ ಇನ್ನೂ ಹೆಚ್ಚು ಹೆದರಿಕೆಯಾಯಿತು.

ಕೆಲಸ ಹುಡುಕುವುದು ಕಷ್ಟವಾಗಲಿಲ್ಲ. ಊರಿನ ದಾರಿ ದೊಡ್ಡ ರಸ್ತೆಗೆ ಕೂಡುವ ಫಾಟಾದಲ್ಲಿ ಒಂದು ಬೇವಿನ ಮರವಿತ್ತು. ಉಮದಿಯ ಬಸ್ಸಿಗೂ ಜತ್ತದ ಬಸ್ಸಿಗೂ ಕಾಯುವವರಿಗೆ ಅದೇ ನೆರಳು. ಹೋದ ವರ್ಷದ ಗಾಳಿಗೆ ಮರ ಬಿದ್ದು, ಕಾಲೇಜಿಗೆ ಹೋಗುವ ಹುಡುಗಿಯರು, ದವಾಖಾನೆಗೆ ಹೋಗುವ ಮುದುಕಿಯರು ಎಲ್ಲರೂ ತಲೆ ಮೇಲೆ ಸೆರಗು, ಚೀಲ, ಪುಸ್ತಕ ಹಿಡಿದು ನಿಲ್ಲುತ್ತಿದ್ದರು. ಅಲ್ಲಿ ನಾಲ್ಕು ಕಂಬ ನಿಲ್ಲಿಸಿ, ಹಿಂದೊಂದು ಕಲ್ಲಿನ ಗೋಡೆ, ಕೂಡಲು ಒಂದು ಕಟ್ಟೆ ಕಟ್ಟಿ, ಮೇಲೆ ತಗಡಿನ ಪತ್ರಾಸು ಹೊದಿಸಿದರೆ ಆಯಿತು. ಕಂಪನಿಯವರು ಉಳಿದಿದ್ದ ನಾಲ್ಕು ಕಬ್ಬಿಣದ ಕಂಬಗಳನ್ನು ಕೊಟ್ಟರು. ರಾಮಲಿಂಗ ಮನೆಮನೆಗೆ ಹೋಗಿ ಕೇಳಿದ. ಎಲ್ಲರೂ ‘ಹೂಂ’ ಎಂದರು.

ನಮ್ಮ ಕಡೆ ಹೂಂ ಎಂದರೆ ಕೇಳಿಸಿತು ಎಂದರ್ಥ, ಬರುತ್ತೇನೆ ಎಂದಲ್ಲ. ಇದನ್ನು ಯಾವ ಮೊಬೈಲ್ ಮಾಸ್ತರರೂ ಕಲಿಸಿರಲಿಲ್ಲ. ಐದು ದಿನ ರಾಮಲಿಂಗ ಹೆಲ್ಮೆಟ್ ಹಾಕಿಕೊಂಡು ಫಾಟಾದಲ್ಲಿ ಒಬ್ಬನೇ ನಿಂತ. ಹಾದುಹೋಗುವವರು ಬಸ್ಸು ತಪ್ಪಿತೇನೋ ಎಂದು ಮರುಗಿದರು.

ಆರನೆಯ ದಿನ ಅವನಿಗೆ ಪಾಠವೊಂದು ನೆನಪಾಯಿತು: ಯಾರು ಯಾವ ದಿನ ಏನು ಮಾಡಬೇಕು ಎಂಬುದು ಎಲ್ಲರ ಕಣ್ಣಿಗೆ ಬೀಳುವಂತಿರಬೇಕು. ಜತ್ತಕ್ಕೆ ಹೋಗಿ ದೊಡ್ಡದೊಂದು ಫ್ಲೆಕ್ಸ್ ಮಾಡಿಸಿದ. ಎಡಕ್ಕೆ ಹನ್ನೊಂದು ಜನರ ಹೆಸರು, ಮೇಲೆ ಹದಿನಾಲ್ಕು ದಿನಗಳ ತಾರೀಖು, ಹೆಸರಿನ ಮುಂದೆ ಅವರವರ ಕೆಲಸದ ದಿನಗಳಷ್ಟು ಉದ್ದದ ಬಣ್ಣದ ಪಟ್ಟೆ. ಯಾವಾಗ ಮಾಡಿದರೂ ನಡೆಯುವ ಕೆಲಸಕ್ಕೆ ಹಸಿರು. ಸಾಮಾನು ಬಂದ ಮೇಲೆ ಮಾಡುವುದಕ್ಕೆ ಹಳದಿ. ಒಂದು ದಿನ ತಪ್ಪಿದರೂ ಇಡೀ ಕೆಲಸ ನಿಂತುಹೋಗುವಂಥದಕ್ಕೆ ಕೆಂಪು. ಇಲ್ಲಿಯವರೆಗೆ ಎಲ್ಲ ಶಾಸ್ತ್ರೋಕ್ತ. ಆದರೆ ಅದನ್ನು ಹಚ್ಚಲು ಅವನು ಆರಿಸಿದ್ದು ಪಂಚಾಯತಿ ಕಚೇರಿಯ ಗೋಡೆ. ಅದರ ಒಂದು ಪಕ್ಕ ರೇಷನ್ನಿನ ಯಾದಿ, ಇನ್ನೊಂದು ಪಕ್ಕ ಮನೆ ಮಂಜೂರಾದವರ ಯಾದಿ.

ಆ ಗೋಡೆಯ ಮೇಲೆ ಹೆಸರು ಬಂದರೆ ಏನೋ ಸಿಗುತ್ತದೆ, ಬರದಿದ್ದರೆ ಇಲ್ಲ. ಇದು ಊರಿಗೆ ಎರಡು ತಲೆಮಾರಿನಿಂದ ತಿಳಿದ ಮಾತು. ಹತ್ತು ನಿಮಿಷದಲ್ಲಿ ಅರ್ಧ ಊರು ಸೇರಿತು. ಅಪ್ಪಾಸಾಹೇಬರು ಕನ್ನಡಕ ಒರೆಸಿಕೊಂಡು ಮುಂದೆ ಬಂದರು. ಯಾದಿ ಓದುವುದು ಮೊದಲಿನಿಂದಲೂ ಅವರದೇ ಹಕ್ಕು.

"ಹೊಸಾ ಸ್ಕೀಮ್ ಬಂದದ," ಎಂದು ಅವರು ತೀರ್ಪು ಕೊಟ್ಟರು. "ಹಸಿರು ಅಂದ್ರ ಮಂಜೂರ. ಹಳದಿ ಅಂದ್ರ ಕಾಗದಪತ್ರ ಬಾಕಿ. ಕೆಂಪು ಅಂದ್ರ ಅರ್ಜಿ ವಜಾ. ಪಟ್ಟಿ ಎಷ್ಟು ಉದ್ದ ಅದನೋ ಅಷ್ಟು ಜಾಸ್ತಿ ಸಿಗ್ತದ."

ಮರುದಿನ ಬೆಳಗ್ಗೆ ರಾಮಲಿಂಗ ಬಾಗಿಲು ತೆಗೆದರೆ ಅಂಗಳದ ತುಂಬ ಜನ. ಎಲ್ಲರ ಕೈಯಲ್ಲೂ ಆಧಾರ್ ಕಾರ್ಡಿನ ಝೆರಾಕ್ಸ್, ಹೊಲದ ಉತಾರ, ಎರಡೆರಡು ಫೋಟೋ. ಒಬ್ಬರು ಮುನ್ನೆಚ್ಚರಿಕೆಯಿಂದ ಎಮ್ಮೆಯ ಫೋಟೋವನ್ನೂ ತಂದಿದ್ದರು.

ಮೊದಲು ಮುಂದೆ ಬಂದವನು ವೆಲ್ಡಿಂಗ್ ಮಾಡುವ ದತ್ತಾ. ಕಂಬ ನಿಲ್ಲಿಸಿ ಪತ್ರಾಸು ಕೂಡಿಸುವ ಕೆಲಸ ಅವನದು. ಹಾಗಾಗಿ ಅವನ ಪಟ್ಟೆ ಕೆಂಪು.

"ನಾ ಏನ್ ತಪ್ಪು ಮಾಡೀನೋ ರಾಮ್ಯಾ? ನಂದೊಂದ ಯಾಕ ಕೆಂಪು?"

"ತಪ್ಪಲ್ಲ ದತ್ತಾ ಮಾಮಾ. ಬ್ಯಾರೆ ಯಾರು ಒಂದ ದಿನ ತಡಾ ಮಾಡಿದ್ರೂ ನಡೀತದ. ನೀ ನಿಂತ್ರ ಎಲ್ಲಾ ನಿಂತುಬಿಡ್ತದ. ಅದಕ್ಕ ಕೆಂಪು."

ದತ್ತಾ ಇದರಲ್ಲಿ ಏನೋ ಮೋಸವಿದೆ ಎಂಬಂತೆ ಅವನ ಮುಖ ನೋಡಿದ. ಆಮೇಲೆ ಫೋಟೋ ಜೇಬಿಗಿಟ್ಟುಕೊಂಡು ಹೋದ.

ರಾಮಲಿಂಗ ಕಟ್ಟೆಯ ಮೇಲೆ ಹತ್ತಿ ಕೈಮುಗಿದು ಹೇಳಿದ, "ಇದು ಸರಕಾರದ್ದಲ್ರಿ. ಇದರಾಗ ಯಾರಿಗೂ ಏನೂ ಸಿಗೂದಿಲ್ಲ. ನಿಮ್ಮ ಕಡಿಂದನ ಕೆಲಸ ಬೇಕಾಗ್ಯದ."

"ಹಿಂಗ ಹೇಳಬೇಕಂತ ಅವಗ ಮ್ಯಾಲಿಂದ ತಾಕೀತು ಇರ್ತದ," ಎಂದು ಅಪ್ಪಾಸಾಹೇಬರು ಜನರಿಗೆ ಸಮಾಧಾನ ಹೇಳಿದರು. "ಗದ್ದಲ ಆಗಬಾರದಂತ. ಮೊದಲ ಕೆಲಸ ಮಾಡಿ ತೋರಸಬೇಕು, ಆಮ್ಯಾಲೆ ಮಂಜೂರ. ಈಗ ಎಲ್ಲಾ ಹಿಂಗ ಅದ."

ಜನ ಮೆಚ್ಚುಗೆಯಿಂದ ತಲೆಯಾಡಿಸಿದರು. ಎಷ್ಟು ಚೆನ್ನಾಗಿ ಗುಟ್ಟು ಕಾಯುತ್ತಾನೆ ಹುಡುಗ, ಕಂಪನಿಯಲ್ಲಿ ಕಲಿತದ್ದು ವ್ಯರ್ಥವಾಗಲಿಲ್ಲ ಎಂದರು. ರಾಮಲಿಂಗ ಆ ದಿನ ಇನ್ನೂ ಎರಡು ಸಲ ಸತ್ಯ ಹೇಳಿ ನೋಡಿದ. ಪ್ರತಿ ಸಲವೂ ಜನರ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು.

ಎಲ್ಲರೂ ಹೋದ ಮೇಲೂ ಹೊಸ್ತಿಲ ಬಳಿ ಒಬ್ಬಳು ಕುಳಿತೇ ಇದ್ದಳು. ಊರ ಕೊನೆಯ ಮನೆಯ ಕಾಳವ್ವ. ವಯಸ್ಸು ಎಪ್ಪತ್ತು ದಾಟಿತ್ತು, ಹಿಂದೆ ಮುಂದೆ ಯಾರೂ ಇಲ್ಲ. ಕೈಯಲ್ಲಿ ಝೆರಾಕ್ಸೂ ಇರಲಿಲ್ಲ.

"ನನ್ನ ಹೆಸರು ಇದರಾಗ ಇಲ್ಲೇನೋ, ತಮ್ಮಾ?"

"ಇಲ್ಲಬೇ ಆಯಿ."

"ಗೊತ್ತಿತ್ತು ಬಿಡು. ಯಾವ ಯಾದಿಯೊಳಗೂ ಬರೂದಿಲ್ಲ. ಆದ್ರೂ ಒಂದ ಸಲ ಕೇಳಿ ಹೋಗಬೇಕು ಅನಸ್ತದ," ಎಂದು ಅವಳು ಮೊಣಕಾಲಿನ ಮೇಲೆ ಕೈಯೂರಿ ಏಳತೊಡಗಿದಳು.

ಅವಳು ಪೂರ್ತಿ ಏಳುವುದರೊಳಗೆ ರಾಮಲಿಂಗನ ಬಾಯಿಂದ ಮಾತು ಬಂದುಬಿಟ್ಟಿತು. "ಕೆಲಸದವರಿಗೆ ಕುಡಿಯೋ ನೀರು ಕೊಡಾಕ ಒಬ್ಬರು ಬೇಕಾಗ್ಯಾರ ಆಯಿ. ದಿನಾ. ನೀ ಆಗ್ತಿಯೇನು?" ಅವಳನ್ನು ಕೈಹಿಡಿದು ಪಂಚಾಯತಿ ಗೋಡೆಯವರೆಗೆ ಕರೆದುಕೊಂಡು ಹೋಗಿ, ಕೆಳಗೆ ಹೊಸ ಸಾಲಿನಲ್ಲಿ ಹೆಸರು ಬರೆದ. ನೀರು ಹದಿನಾಲ್ಕೂ ದಿನ ಬೇಕಲ್ಲ, ಆದ್ದರಿಂದ ಪಟ್ಟೆಯೂ ಈ ತುದಿಯಿಂದ ಆ ತುದಿಯವರೆಗೆ ಬಂತು. ಬಣ್ಣ ಹಸಿರು.

ಊರಿನಲ್ಲಿ ದೊಡ್ಡ ಗದ್ದಲವೇ ಎದ್ದಿತು. ಕಾಳವ್ವನಿಗೆ ಮಂಜೂರಾಯಿತು, ಅದೂ ಎಲ್ಲರಿಗಿಂತ ಉದ್ದ. ಕಲ್ಲು ಸಾಗಿಸುವ ಒಂದೇ ದಿನದ ಕೆಲಸ ಹಚ್ಚಿಸಿಕೊಂಡಿದ್ದ ಅಮಸಿದ್ದ ಗೇಣು ಹಾಕಿ ಅಳೆದು ನೋಡಿ ಬಂದ.

"ಕಾಳವ್ವನ್ದು ಏಳ ಗೇಣು ಅದ. ನಂದು ಅರ್ಧ ಗೇಣು. ನಾ ಏನ್ ಊರಾಗ ಹುಟ್ಟಿಲ್ಲೇನು?"

"ಉದ್ದ ಬೇಕಂದ್ರ ಜಾಸ್ತಿ ದಿನ ಕೆಲಸ ಮಾಡಬೇಕಾಗ್ತದ, ಕಾಕಾ."

"ಎಷ್ಟ ದಿನ ಮಾಡಿದ್ರ ಎರಡ ಗೇಣು ಆಗ್ತದ?"

"ನಾಕ ದಿನ."

"ಆರು ಬರಕೋ," ಎಂದ ಅಮಸಿದ್ದ.

ಅಲ್ಲಿಂದ ಸನಮಡಿಯಲ್ಲಿ ನಡೆದದ್ದನ್ನು ಯಾವ ಪಠ್ಯಪುಸ್ತಕವೂ ಕಂಡಿರಲಾರದು. ಜನ ಕೆಲಸಕ್ಕಾಗಿ ಜಗಳವಾಡತೊಡಗಿದರು. ಕಲ್ಲು ತರುವವರು ಮೂರು ಜನ ಸಾಕೆಂದರೆ ಒಂಬತ್ತು ಜನ ಬಂದರು. ಫಾಟಾದ ಗೋಡೆಗೆ ಎರಡು ಸಲ ಸುಣ್ಣ ಬಳಿಯಲಾಯಿತು. ಒಂದು ಸಲ ಬಳಿದವನ ಪಟ್ಟೆ ಚಿಕ್ಕದಾಗಿತ್ತು ಎಂಬುದನ್ನು ಬಿಟ್ಟರೆ ಅದಕ್ಕೆ ಬೇರೆ ಕಾರಣವಿರಲಿಲ್ಲ. ಅಪ್ಪಾಸಾಹೇಬರು ಬಿಚ್ಚಿಟ್ಟಿದ್ದ ತಮ್ಮ ದನದ ಕೊಟ್ಟಿಗೆಯ ಹತ್ತು ಪತ್ರಾಸುಗಳನ್ನು ಪುಕ್ಕಟೆ ಕೊಟ್ಟು, ‘ಉಸ್ತುವಾರಿ’ ಎಂಬ ಹೆಸರಿನಲ್ಲಿ ಹದಿನಾಲ್ಕು ದಿನದ ಪಟ್ಟೆ ಬರೆಸಿಕೊಂಡರು. ದಿನವೂ ಕುರ್ಚಿ ಹಾಕಿಸಿಕೊಂಡು ಫಾಟಾದಲ್ಲಿ ಕುಳಿತರು. ಫ್ಲೆಕ್ಸ್ ಸಾಲದೆ ಕೆಳಗೆ ಡ್ರಾಯಿಂಗ್ ಹಾಳೆ ಅಂಟಿಸಬೇಕಾಯಿತು.

ಕೆಲಸ ಶುರುವಾದ ಮೂರನೆಯ ದಿನ ಊರಿನ ಹೊಲಮನೆಗಳ ದಫ್ತರ ನೋಡುವ ತಲಾಠಿ ಸಾಹೇಬರು ಮೋಟಾರ್‌ಸೈಕಲ್ ಮೇಲೆ ಬಂದರು. ತಮಗೆ ತಿಳಿಯದೆ ತಮ್ಮ ಹಳ್ಳಿಯಲ್ಲಿ ಒಂದು ಸ್ಕೀಮು ನಡೆದಿದೆ ಎಂದು ಅವರಿಗೆ ಸುದ್ದಿ ಮುಟ್ಟಿತ್ತು. ನೇರ ರಾಮಲಿಂಗನ ಮನೆಗೆ ಬಂದು ಫೈಲು ತೋರಿಸು ಎಂದರು. ರಾಮಲಿಂಗ ಮೂಲೆ ಹೋದ ಜೋಖಮಿನ ವಹಿಯನ್ನು ಕೊಟ್ಟ. ಸಾಹೇಬರು ಗಟ್ಟಿಯಾಗಿ ಓದತೊಡಗಿದರು.

"ಜೋಖಮು ಎರಡು. ಮಂದಿ ಬರಲಿಕ್ಕಿಲ್ಲ. ಜೋಖಮು ಮೂರು. ಮಂದಿ ಜಾಸ್ತಿ ಬರಬಹುದು. ಜೋಖಮು ನಾಕು." ಅವರು ಕನ್ನಡಕ ಸರಿಮಾಡಿಕೊಂಡರು. "ತಲಾಠಿ ಸಾಹೇಬರು ಬರಬಹುದು. ಉಪಾಯ: ಚಹಾ."

ಅದೇ ಹೊತ್ತಿಗೆ ಸಂಗವ್ವ ಚಹಾದ ಬಟ್ಟಲು ಹಿಡಿದು ಒಳಗಿನಿಂದ ಬಂದಳು.

ತಲಾಠಿ ಸಾಹೇಬರು ಬಟ್ಟಲನ್ನೂ ವಹಿಯನ್ನೂ ಮತ್ತೆ ಮತ್ತೆ ನೋಡಿದರು. ಆಮೇಲೆ ಚಹಾ ಚೆಲ್ಲುವಷ್ಟು ನಕ್ಕರು. "ಇಪ್ಪತ್ತೆರಡು ವರ್ಷ ನೌಕರಿ ಮಾಡೀನಿ. ನಾ ಹೋಗೂದ್ರಾಗ ನನ್ನ ಹೆಸರು ಬರದಿಟ್ಟಿದ್ದ ಫೈಲ್ ಇದ ಮೊದಲ," ಎಂದು, ಫಾಟಾದ ಜಾಗಕ್ಕೆ ಬೇಕಾಗಿದ್ದ ಪರವಾನಗಿಯ ಕಾಗದಕ್ಕೆ ಸಹಿ ಹಾಕಿ ಶಿಕ್ಕಾ ಒತ್ತಿದರು. ಹೋಗುವಾಗ ಫಾಟಾದಲ್ಲಿ ಗಾಡಿ ನಿಲ್ಲಿಸಿ ಕೆಲಸದವರೊಂದಿಗೆ ಸ್ವಲ್ಪ ಹೊತ್ತು ಮಾತಾಡಿದರಂತೆ. ಅಪ್ಪಾಸಾಹೇಬರು ಆಗ ಊಟಕ್ಕೆ ಹೋಗಿದ್ದರು. ಏನು ಮಾತಾಡಿದರು ಎಂದು ರಾಮಲಿಂಗ ಕೇಳಿದ್ದಕ್ಕೆ ದತ್ತಾ, "ಏನಿಲ್ಲ, ಮಳಿ ಬೆಳಿ," ಎಂದ.

ಶಿಕ್ಕಾ ಬಿದ್ದ ಕಾಗದ ನೋಡಿ ಅಪ್ಪಾಸಾಹೇಬರಿಗೆ ಉಳಿದಿದ್ದ ಎಳ್ಳಷ್ಟು ಅನುಮಾನವೂ ಹೋಯಿತು. ನಾಲ್ಕನೆಯ ಸಲ ಸತ್ಯ ಹೇಳಬೇಕೆಂದು ರಾಮಲಿಂಗ ದಿನವೂ ಫಾಟಾಕ್ಕೆ ಹೋಗುತ್ತಿದ್ದ. ಏರುತ್ತಿದ್ದ ಗೋಡೆಯನ್ನು ಕಂಡು, ಈ ಸಲ ಅಕಸ್ಮಾತ್ ನಂಬಿಬಿಟ್ಟರೆ ಏನು ಗತಿ ಎಂದು ಹೇಳದೆ ಹಿಂದಿರುಗುತ್ತಿದ್ದ. ಕಾಳವ್ವ ಮಾತ್ರ ಬೆಳಗ್ಗೆ ಏಳಕ್ಕೆ ಹರವಿ ತುಂಬಿಟ್ಟು, ಬಂದವರಿಗೆಲ್ಲ ನೀರು ಕೊಟ್ಟು, ಸಂಜೆ ಮನೆಗೆ ಹೋಗುವ ಮುಂಚೆ ಪಂಚಾಯತಿ ಗೋಡೆಯ ಹತ್ತಿರ ಹೋಗಿ ಯಾರಿಂದಾದರೂ ತನ್ನ ಹೆಸರು ಓದಿಸಿ ಕೇಳುತ್ತಿದ್ದಳು.

ಇಪ್ಪತ್ತೊಂದನೆಯ ದಿನಕ್ಕೆ ಎರಡು ದಿನ ಇರುವಾಗಲೇ ಕೆಲಸ ಮುಗಿಯಿತು. ಇಪ್ಪತ್ತೊಂದನೆಯ ದಿನ ಸೃಷ್ಟಿ ಮೇಡಂ ಸ್ಕೂಟಿಯಲ್ಲಿ ಬಂದಿಳಿದಾಗ ಊರಿಗೆ ಊರೇ ಒಗೆದ ಬಟ್ಟೆ ಹಾಕಿಕೊಂಡು ಫಾಟಾದ ಹೊಸ ನೆರಳಿನಲ್ಲಿ ನಿಂತಿತ್ತು. ಎಲ್ಲರ ಮುಂದೆ ಅಪ್ಪಾಸಾಹೇಬರು. ಅವರ ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಬ್ಯಾಂಕ್ ಪಾಸ್‌ಬುಕ್. ಅದನ್ನು ಕಂಡು ರಾಮಲಿಂಗ ಹೆಲ್ಮೆಟ್ ತೆಗೆದು ಎದೆಗೆ ಹಿಡಿದುಕೊಂಡ.

"ಮೇಡಂ, ನೀವು ನೋಡೂಕಿಂತ ಮೊದಲ ನಾ ಒಂದ ಮಾತ ಹೇಳಬೇಕು. ಇವರೆಲ್ಲಾ ಇದನ್ನ ಸರಕಾರದ ಸ್ಕೀಮು ಅಂತ ತಿಳದು ದುಡದಾರ. ಮೂರ ಸಲ ಅಲ್ಲಂತ ಹೇಳೀನಿ, ನಂಬಲಿಲ್ಲ. ನಾಕನೇ ಸಲ ಹೇಳಾಕ ಹೆದರಿದೆ. ಕೊಡಾಕ ನನ್ನ ಕಡೆ ಏನೂ ಇಲ್ಲ. ಆ ಜಾಗಾ ಬ್ಯಾರೆಯವರಿಗೆ ಕೊಡ್ರಿ. ಇವರಿಗೆ ಮೋಸ ಆಗಿದ್ದಕ್ಕ ನಾನ ಜವಾಬ್ದಾರ."

ಉಮದಿಯ ಬಸ್ಸು ಬಂದು ನಿಂತು, ಯಾರೂ ಹತ್ತದ್ದನ್ನು ನೋಡಿ ಹಾಗೇ ಹೋಯಿತು.

"ಮುಗೀತೇನು?" ಎಂದ ದತ್ತಾ. "ನಮಗ ಗೊತ್ತದ. ಹತ್ತು ದಿನದ ಮ್ಯಾಲಾತು. ತಲಾಠಿ ಸಾಹೇಬರು ಅವತ್ತ ಇಲ್ಲೇ ನಿಂತು ಹೇಳಿ ಹೋದ್ರು. ಸ್ಕೀಮೂ ಇಲ್ಲ ಗೀಮೂ ಇಲ್ಲ, ಹುಡುಗ ಪರೀಕ್ಷಾ ಬರ್ಯಾಕತ್ಯಾನ ಅಂತ."

"ಮತ್ತ ಕೆಲಸಾ ಯಾಕ ಬಿಡಲಿಲ್ಲ?" ಎಂದ ರಾಮಲಿಂಗ.

ದತ್ತಾ ಸ್ವಲ್ಪ ನಾಚಿಕೊಂಡ. "ನಂದು ಕೆಂಪು ಅದಲ್ಲೋ. ನಾ ನಿಂತ್ರ ಎಲ್ಲಾ ನಿಲ್ತದ ಅಂದಿದ್ದಿ. ಇಷ್ಟ ವರ್ಷದಾಗ ಹಂಗ ನನಗ ಯಾರೂ ಅಂದಿದ್ದಿಲ್ಲ."

"ನಾ ಬಿಟ್ಟಿದ್ರ ಇವಾ ನನಗಿಂತ ಉದ್ದ ಆಗತಿದ್ದ," ಎಂದು ಅಮಸಿದ್ದ ಪಕ್ಕದವನನ್ನು ತೋರಿಸಿದ.

ಕಾಳವ್ವ ಹರವಿಯ ಪಕ್ಕದಲ್ಲಿ ಕುಳಿತಲ್ಲಿಂದಲೇ ಹೇಳಿದಳು, "ಬ್ಯಾರೆ ಯಾದಿಯೊಳಗ ಕೊಡ್ತೀವಿ ಅಂತ ಹೆಸರು ಬರೀತಾರ. ಅದರಾಗ ನಾ ಇಲ್ಲ. ನೀ ನಾ ಬೇಕು ಅಂತ ಬರದಿ. ನನಗ ಬರೂದು ಬಂತು, ತಮ್ಮಾ."

ರಾಮಲಿಂಗ ಹೆಲ್ಮೆಟ್ ಕಂಕುಳಿಗೆ ಸಿಕ್ಕಿಸಿ ಅವಳಿಗೆ ಕೈಮುಗಿದ.

ಇಷ್ಟರಲ್ಲಿ ಮೇಡಂ, ರಾಮಲಿಂಗ ದಿನವೂ ಫಾಟಾಕ್ಕೆ ತಂದು ಕಟ್ಟೆಯ ಮೇಲಿಡುತ್ತಿದ್ದ ಜೋಖಮಿನ ವಹಿ ಓದುತ್ತ ಕೊನೆಯ ಪುಟಕ್ಕೆ ಬಂದಿದ್ದಳು. ಅಲ್ಲಿ ಪತ್ರಾಸಿಗೆ ಗುರುತು ಹಾಕುವ ದಪ್ಪ ಮಾರ್ಕರಿನಲ್ಲಿ, ರಾಮಲಿಂಗನದಲ್ಲದ ಅಕ್ಷರದಲ್ಲಿ ಒಂದು ಸಾಲು ಇತ್ತು.

"ಜೋಖಮು ಹನ್ನೆರಡು," ಎಂದು ಅವಳು ಓದಿದಳು. "ಅಪ್ಪಾಸಾಹೇಬರಿಗೆ ಗೊತ್ತಾಗಬಹುದು. ಪತ್ರಾಸು ವಾಪಸ ಒಯ್ದಾರು. ಉಪಾಯ: ಯಾರೂ ಹೇಳಬಾರದು."

ಊರಿಡೀ ಒಮ್ಮೆಗೇ ಮೇಲಿನ ಪತ್ರಾಸುಗಳನ್ನು ನೋಡತೊಡಗಿತು. ದತ್ತಾನಂತೂ ಅವುಗಳನ್ನು ಮೊದಲ ಸಲ ಕಂಡವನ ಹಾಗೆ ನೋಡುತ್ತಿದ್ದ. ಅಪ್ಪಾಸಾಹೇಬರು ಎಲ್ಲರ ಮುಖವನ್ನೂ ಸಾವಕಾಶವಾಗಿ ನೋಡಿದರು. ಪಾಸ್‌ಬುಕ್ಕನ್ನು ಮಡಚಿ ಒಳಜೇಬಿಗೆ ಇಳಿಸಿದರು. ಹೊಸ ಕಲ್ಲಿನ ಕಟ್ಟೆಯ ಮೇಲೆ, ನಟ್ಟನಡುವೆ, ತಮ್ಮದೇ ಪತ್ರಾಸಿನ ನೆರಳಿನಲ್ಲಿ ಕುಳಿತರು.

"ನನಗ ಮೊದಲ ದಿನಾನ ಗೊತ್ತಿತ್ತು," ಎಂದರು. "ನಾ ಹಂಗ ಓದಿ ಹೇಳದಿದ್ರ ನೀವು ಯಾರರ ಬರತಿದ್ರೇನು?"

ನಿಜಕ್ಕೂ ಯೋಚಿಸಿದರೆ ಅದು ಖರೆಯೇ ಆಗಿತ್ತು.

ಮೇಡಂ ವಹಿಯಲ್ಲಿದ್ದ ಯಾದಿಯ ನಕಲನ್ನೂ ನೋಡಿ ಮುಚ್ಚಿ, "ಯಾದಿಯೊಳಗ ಎಲ್ಲಾರೂ ಅದಾರ. ನಿಮ್ಮ ಹೆಸರು ಎಲ್ಲಿ ಅದ ರಾಮಲಿಂಗ?" ಎಂದು ಕೇಳಿದಳು.

ರಾಮಲಿಂಗ ತಬ್ಬಿಬ್ಬಾದ. ತನ್ನ ಹೆಸರು ಹಾಕುವುದನ್ನೇ ಅವನು ಮರೆತಿದ್ದ.

"ಮಾಡೂದಲ್ಲ, ಮಾಡಸೂದು ಅಂದಿದ್ದೆ. ಪಾಸ್," ಎಂದು ಮೇಡಂ ಸ್ಕೂಟಿ ಏರಿದಳು.

ಈಗ ಅವನು ಅಸಂಗಿಯ ಸೈಟಿನಲ್ಲಿ ಕಾಯಂ ಆಗಿದ್ದಾನೆ. ಅಲ್ಲಿ ಹೊಸ ಅಪ್ರೆಂಟಿಸುಗಳು ಬಂದರೆ ಮೊದಲ ದಿನವೇ ಹೂಂ ಎಂಬುದರ ಅರ್ಥ ಹೇಳಿಕೊಡುತ್ತಾನೆ. ಆ ಎರಡು ವರ್ಷ ತನಗೆ ಕಂಪನಿಯೂ ಕಲಿಸಿತು, ಊರೂ ಕಲಿಸಿತು, ಎರಡರ ಋಣವೂ ದೊಡ್ಡದು ಎಂದು ಹೇಳಿಕೊಳ್ಳಲು ಅವನಿಗೆ ಸಂಕೋಚವೇನಿಲ್ಲ. ಫ್ಲೆಕ್ಸನ್ನು ಪಂಚಾಯತಿ ಗೋಡೆಯಿಂದ ಬಿಚ್ಚಿ ತಂದು ಫಾಟಾದ ನೆರಳಿನ ಹಿಂದಿನ ಗೋಡೆಗೆ ಹಚ್ಚಿದ್ದಾರೆ. ಕೆಲಸ ಮುಗಿದರೂ ಕಾಳವ್ವ ನೀರು ತರುವುದನ್ನು ನಿಲ್ಲಿಸಲಿಲ್ಲ. ಹದಿನಾಲ್ಕು ದಿನಕ್ಕೆ ಫ್ಲೆಕ್ಸ್ ಮುಗಿದಿತ್ತು. ಅವಳ ಪಟ್ಟೆಯ ಮುಂದಿನ ದಿನಗಳನ್ನು ದತ್ತಾ ಗೋಡೆಯ ಸುಣ್ಣದ ಮೇಲೆಯೇ ಹಸಿರು ಬಣ್ಣದಲ್ಲಿ ಎಳೆಯುತ್ತ ಬಂದ. ದೀಪಾವಳಿಯ ಹೊತ್ತಿಗೆ ಆ ಪಟ್ಟೆ ಗೋಡೆಯ ಮೂಲೆ ತಿರುಗಿ ಆಚೆ ಬದಿಗೆ ಹೋಗಿತ್ತು.

ರಾಮಲಿಂಗ ದಿನವೂ ಬಸ್ಸು ಬರುವ ಮುಂಚೆ ಹರವಿಯ ನೀರು ಕುಡಿದು, ಗೋಡೆಯ ಕಡೆ ತಿರುಗಿ, ಹೆಲ್ಮೆಟ್ ತೆಗೆದು ಕೈಮುಗಿಯುತ್ತಾನೆ. ಪರ ಊರಿನವರು ಅಲ್ಲಿ ಯಾವ ದೇವರಿದೆಯೋ ಎಂದು ಗೋಡೆಯನ್ನೆಲ್ಲ ಹುಡುಕುತ್ತಾರೆ. ಏನೂ ಕಾಣದಿದ್ದರೂ, ಇರಲಿ ಎಂದು ತಾವೂ ಒಮ್ಮೆ ಕೈಮುಗಿಯುತ್ತಾರೆ. ಕಾಳವ್ವ ಅವರಿಗೂ ಒಂದು ತಂಬಿಗೆ ನೀರು ಕೊಡುತ್ತಾಳೆ.